ಕುರ್ಚಿ ಬದಲಾದರೆ ಕುಣಿತವೂ ಬದಲು

ಕಿರುತೆರೆಯ ತಾರಾ ನೃತ್ಯಸ್ಪರ್ಧೆಗಳಲ್ಲಿ ಕುಣಿಯುವವರಷ್ಟೇ ಮುಖ್ಯರಾದವರು ಎದುರಿಗೆ ಕುಳಿತು ಅಂಕ ಕೊಡುವವರು. ಬ್ರಿಟನ್ನಿನ ಬಿಬಿಸಿ 2004ರಲ್ಲಿ ಆರಂಭಿಸಿದ ‘ಸ್ಟ್ರಿಕ್ಟ್ಲಿ ಕಮ್ ಡ್ಯಾನ್ಸಿಂಗ್’ ಸ್ಪರ್ಧೆಯಿಂದ 2009ರಲ್ಲಿ ಹಿರಿಯ ನೃತ್ಯ ಸಂಯೋಜಕಿ ಆರ್ಲೀನ್ ಫಿಲಿಪ್ಸ್ ಅವರನ್ನು ಕೈಬಿಟ್ಟು, ಆ ಜಾಗದಲ್ಲಿ ಯುವ ಗಾಯಕಿ ಅಲೀಶಾ ಡಿಕ್ಸನ್ ಅವರನ್ನು ಕೂರಿಸಿದಾಗ ಭಾರೀ ಗದ್ದಲವೆದ್ದಿತು. ಅದೇ ಮಾದರಿಯಲ್ಲಿ 2006ರಲ್ಲಿ ಹಿಂದಿಗೆ ಬಂದ ‘ಝಲಕ್ ದಿಖ್ಲಾ ಜಾ’ದಲ್ಲಂತೂ ತೀರ್ಪುಗಾರರು ಮತ್ತೆ ಮತ್ತೆ ಬದಲಾದರು. ನೃತ್ಯ ಸಂಯೋಜಕರು ಹೆಜ್ಜೆಯ ಶುದ್ಧಿಯನ್ನು ಗಮನಿಸಿದರೆ, ಚಿತ್ರತಾರೆಯ ಕಣ್ಣು ಮುಖಭಾವದ ಮೇಲೆ. ನಿರ್ದೇಶಕರಿಗೆ ಒಟ್ಟು ದೃಶ್ಯ ಮುಖ್ಯ. ಸ್ಪರ್ಧಿಗಳು ಇದನ್ನು ಬೇಗ ಅರಿತು ತಮ್ಮ ಕುಣಿತವನ್ನು ಅದಕ್ಕೆ ತಕ್ಕಂತೆ ತಿದ್ದಿಕೊಳ್ಳುತ್ತಾರೆ.

ಇದು ಟಿ.ವಿ.ಗೆ ಮಾತ್ರ ಸೀಮಿತವಾದ ಮಾತಲ್ಲ. ಉತ್ತರ ಕನ್ನಡದ ಹಳಿಯಾಳ, ಮುಂಡಗೋಡ, ಜೊಯಿಡಾ, ಯಲ್ಲಾಪುರದ ಕಾಡಂಚಿನಲ್ಲಿ ನೆಲೆಸಿರುವ ಸಿದ್ದಿಗಳ ಡಮಾಮಿ ಕುಣಿತಕ್ಕೂ ಇಂಥದ್ದೇ ಚರಿತ್ರೆಯಿದೆ.

ಸಿದ್ದಿಗಳ ಪೂರ್ವಜರು ಆಫ್ರಿಕಾದವರು. ಪೋರ್ಚುಗೀಸರ ಕಾಲದಲ್ಲಿ ಗುಲಾಮರಾಗಿ ಗೋವೆಗೆ ತರಲ್ಪಟ್ಟ ಅನೇಕರು ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದರು. ಇಂದು ಅವರಲ್ಲಿ ಹಿಂದೂಗಳು, ಮುಸ್ಲಿಮರು, ಕ್ರೈಸ್ತರು ಮೂವರೂ ಇದ್ದಾರೆ. ಮನೆಮಾತು ಹೆಚ್ಚಾಗಿ ಕೊಂಕಣಿ. ಧರ್ಮ ಬೇರೆಯಾದರೂ ಡಮಾಮ್ ಎಂಬ ಚರ್ಮವಾದ್ಯದ ಸದ್ದಿಗೆ ಎಲ್ಲರ ಕಾಲೂ ಆಡುತ್ತದೆ. ದುಡಿಮೆಯ ನಡುವಿನ ಬಿಡುವಿನಲ್ಲಿ, ಹಬ್ಬದಲ್ಲಿ ಅಂಗಳವೇ ರಂಗಸ್ಥಳ. ಹೆಂಗಸರ ಪುಗಡಿಗೂ ಅಲ್ಲಿಯೇ ಜಾಗ. ಅಂಕ ಕೊಡುವವರು ಯಾರೂ ಇಲ್ಲ. ನೋಡುತ್ತ ನಿಂತವರು ತಾವೂ ಬಂದು ಕುಣಿತಕ್ಕೆ ಸೇರಿಕೊಂಡರೆ ಅದೇ ಮೆಚ್ಚುಗೆ.

ಹೊರಗಿನ ಕಣ್ಣು ಸಿದ್ದಿಗಳನ್ನು ಅಳೆಯಲು ಬಂದದ್ದು ಮೊದಲು ಕುಣಿತಕ್ಕಲ್ಲ, ಓಟಕ್ಕೆ. 1987ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರವು ತನ್ನ ವಿಶೇಷ ಯೋಜನೆಯಡಿ ಇಲ್ಲಿನ ಸಿದ್ದಿ ಮಕ್ಕಳನ್ನು ಆರಿಸಿ ಕ್ರೀಡಾ ತರಬೇತಿಗೆ ಕರೆದೊಯ್ದಿತು. ಆಫ್ರಿಕಾ ಮೂಲದವರಾದ್ದರಿಂದ ಮೈಕಟ್ಟು ಓಟಕ್ಕೆ ಒಗ್ಗೀತು ಎಂಬುದು ಆಯ್ಕೆಯ ಹಿಂದಿನ ಲೆಕ್ಕ. ಕೆಲವರು ಪದಕಗಳನ್ನೂ ಗೆದ್ದರು. 1993ರಲ್ಲಿ ಯೋಜನೆ ನಿಂತಿತು. ಆರಿಸಿದವರ ಕುರ್ಚಿ ಖಾಲಿಯಾದೊಡನೆ ಆಯ್ಕೆಯಾದವರ ಭವಿಷ್ಯವೂ ಅತಂತ್ರವಾಯಿತು. ಪರಿಶಿಷ್ಟ ಪಂಗಡದ ಮಾನ್ಯತೆಗೆ ಇಲ್ಲಿನ ಸಿದ್ದಿಗಳು 2003ರವರೆಗೆ ಕಾಯಬೇಕಾಯಿತು.

ಈ ನಡುವೆ ಡಮಾಮಿಯೂ ಅಂಗಳ ದಾಟಿ ಉತ್ಸವಗಳ ವೇದಿಕೆ ಏರಿತು. ವೇದಿಕೆಗೆ ಅದರದ್ದೇ ಕಟ್ಟಳೆಗಳು. ನಿಗದಿತ ನಿಮಿಷಗಳಲ್ಲಿ ಮುಗಿಯಬೇಕು. ವೃತ್ತವಾಗಿ ಒಬ್ಬರನ್ನೊಬ್ಬರು ನೋಡುತ್ತ ಕುಣಿಯುತ್ತಿದ್ದವರು ಸಾಲಾಗಿ ಸಭಿಕರತ್ತ ಮುಖಮಾಡಬೇಕು. ಎಲ್ಲರ ಉಡುಪೂ ಒಂದೇ ಬಗೆಯದಾಗಿರಬೇಕು. ದಾಂಡೇಲಿ, ಜೊಯಿಡಾ ಸುತ್ತ ರೆಸಾರ್ಟುಗಳು ಬೆಳೆದಂತೆ ಪ್ರವಾಸಿಗರೇ ಹೊಸ ತೀರ್ಪುಗಾರರಾದರು. ಅವರಿಗೆ ಬೇಕಾದದ್ದು ‘ಆಫ್ರಿಕಾ’. ಮನೆಯಲ್ಲಿ ಸೀರೆ, ಲುಂಗಿ ಉಡುವವರು ಅಲ್ಲಿ ಎಲೆಗಳ ಉಡುಗೆ ತೊಟ್ಟು, ಮೈಗೆ ಬಣ್ಣದ ಗೆರೆ ಎಳೆದುಕೊಂಡು ಬರುವುದುಂಟು. ಎಂದೂ ಕಾಣದ ಖಂಡವನ್ನು ಅವರು ನಟಿಸಿ ತೋರಿಸಬೇಕಾಗಿದೆ.

ಇದನ್ನು ಬರಿಯ ಕೆಡುಕೆಂದು ತಳ್ಳಿಹಾಕುವಂತಿಲ್ಲ. ಕೂಲಿಯನ್ನೇ ನಂಬಿದ ಕುಟುಂಬಕ್ಕೆ ಒಂದು ಸಂಜೆಯ ಸಂಭಾವನೆಯೂ ಆಸರೆಯೇ. ತಮ್ಮ ಕಲೆಗೆ ಬೆಲೆಯಿದೆ ಎಂಬ ಅರಿವಿನಿಂದ ಕಿರಿಯರು ಡಮಾಮ್ ಕೈಗೆತ್ತಿಕೊಂಡರೆ ಅದೂ ಲಾಭವೇ. ಆದರೆ ಚಪ್ಪಾಳೆ ಬಿದ್ದದ್ದು ಉಳಿಯುತ್ತದೆ, ಬೀಳದ್ದು ಅಳಿಯುತ್ತದೆ. ಹೊರಗಿನವರಿಗೆ ಅರ್ಥವಾಗದ ಕೊಂಕಣಿ ಹಾಡು ಮೊಟಕಾಗಿ, ಕಣ್ಣಿಗೆ ಹಬ್ಬವಾಗುವ ನೆಗೆತವೇ ಹಿಗ್ಗುವ ಅಪಾಯ ಇರುವುದು ಇಲ್ಲಿಯೇ.

2020ರಲ್ಲಿ ಶಾಂತಾರಾಮ ಸಿದ್ದಿ ಅವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡಾಗ, ಸಿದ್ದಿ ಸಮುದಾಯದವರೊಬ್ಬರು ಮೊದಲ ಬಾರಿಗೆ ರಾಜ್ಯದ ಶಾಸಕರಾದರು. ಕಾನೂನು ಮಾಡುವ ಮನೆಯಲ್ಲಿ ಸಿಕ್ಕ ಕುರ್ಚಿ ಕಲೆಯನ್ನು ಅಳೆಯುವ ಕಡೆಯೂ ಸಿಗಬೇಕು. ಜಾನಪದ ಸ್ಪರ್ಧೆಗೆ ಡಮಾಮಿ ಬಂದಾಗ, ಅಂಗಳದಲ್ಲಿ ಕುಣಿದು ನುರಿತ ಹಿರಿಯಳೊಬ್ಬಳು ತೀರ್ಪುಗಾರರ ಸಾಲಿನಲ್ಲಿ ಕುಳಿತರೆ ಸಾಕು. ಆಕೆ ಎಲೆಯುಡುಗೆಗೆ ಅಂಕ ಕೊಡಲಾರಳು; ಹಾಡಿನ ಯಾವ ಸಾಲು ಬಿಟ್ಟುಹೋಯಿತೆಂದು ಕೇಳಿಯಾಳು.