ಸರ್ಪಗಂಧಕ್ಕೆ ಸಾಕ್ಷಿ ಸಿಕ್ಕಿದ್ದು ಹೇಗೆ?

ಮಲೆನಾಡಿನ ಕೆಲವು ಮನೆಗಳ ಹಿತ್ತಿಲಲ್ಲಿ ಮೊಣಕಾಲೆತ್ತರದ ಒಂದು ಗಿಡ ಇರುತ್ತದೆ. ಬಿಳಿ ಹೂವಿಗೆ ಕೆಂಪು ತೊಟ್ಟು. ಹಣ್ಣು ಮಾಗಿದರೆ ಕಪ್ಪು. ಅದರ ವಾಸನೆಗೆ ಹಾವು ಹತ್ತಿರ ಸುಳಿಯದು ಎಂದು ಹಿರಿಯರು ಹೇಳುತ್ತಾರೆ. ಹಾವಿನ ಮಾತನ್ನು ಪರೀಕ್ಷಿಸಿ ನೋಡಿದವರನ್ನು ನಾನು ಕಂಡಿಲ್ಲ. ಆದರೆ ಈ ಸರ್ಪಗಂಧದ ಬೇರು ರಕ್ತದೊತ್ತಡವನ್ನು ಇಳಿಸುತ್ತದೆ ಎಂಬುದನ್ನು ಮಾತ್ರ ಚೆನ್ನಾಗಿಯೇ ಪರೀಕ್ಷಿಸಲಾಗಿದೆ. ಗಿಡಮೂಲಿಕೆಯ ಮಾತು ಬಂದಾಗಲೆಲ್ಲ ನಮ್ಮಲ್ಲಿ ಎರಡು ಪಕ್ಷಗಳಾಗುತ್ತವೆ. ‘ನಮ್ಮ ಹಿಂದಿನವರಿಗೆ ಎಲ್ಲ ಗೊತ್ತಿತ್ತು’ ಎನ್ನುವವರದು ಒಂದು, ‘ಎಲ್ಲ ಬರೀ ನಂಬಿಕೆ’ ಎನ್ನುವವರದು ಇನ್ನೊಂದು. ಈ ಬೇರಿನ ಚರಿತ್ರೆ ಇಬ್ಬರಿಗೂ ಒಗ್ಗುವಂಥದ್ದಲ್ಲ.

ಬಿಹಾರದಲ್ಲಿ ಇದನ್ನು ‘ಪಾಗಲ್ ಕೀ ದವಾ’, ಅಂದರೆ ಹುಚ್ಚಿನ ಮದ್ದು ಎಂದು ಮಾರುತ್ತಿದ್ದರು. ರಕ್ತದೊತ್ತಡ ಅಳೆಯುವ ಸಾಧನವೇ ಇಲ್ಲದ ಕಾಲದಲ್ಲಿ ‘ಬಿ.ಪಿ. ಮದ್ದು’ ಎಂದು ಕರೆಯುವ ಪ್ರಶ್ನೆ ಇರಲಿಲ್ಲ. ಜನ ಕಂಡದ್ದು ಇಷ್ಟೆ: ಕೂಗಾಡುವವನು ಬೇರಿನ ಪುಡಿ ಸೇವಿಸಿದರೆ ಶಾಂತನಾಗಿ ಮಲಗುತ್ತಾನೆ.

1931ರಲ್ಲಿ ಎರಡು ಕಡೆ ಈ ಬೇರಿನ ವಿಚಾರ ಮುದ್ರಣಕ್ಕೆ ಬಂತು. ಕಲ್ಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕ ಚಂದ್ರ ಬೋಸ್, ಅದು ಹುಚ್ಚಿಗೂ ರಕ್ತದೊತ್ತಡಕ್ಕೂ ಮದ್ದೆಂದು ಬರೆದರು. ದೆಹಲಿಯ ತಿಬ್ಬಿ ಕಾಲೇಜಿನಲ್ಲಿ ರಸಾಯನಶಾಸ್ತ್ರಜ್ಞ ಸಲೀಮುಜ್ಜಮಾನ್ ಸಿದ್ದೀಕಿ ಮತ್ತು ಸಂಗಡಿಗರು ಬೇರಿನಿಂದ ಹಲವು ಸತ್ವಗಳನ್ನು ಬೇರ್ಪಡಿಸಿದರು. ತಮ್ಮನ್ನು ಆ ಕೆಲಸಕ್ಕೆ ಕರೆತಂದಿದ್ದ, 1927ರಲ್ಲಿ ತೀರಿಕೊಂಡಿದ್ದ ಹಕೀಮ್ ಅಜ್ಮಲ್ ಖಾನರ ನೆನಪಿಗೆ ಅವುಗಳಲ್ಲೊಂದಕ್ಕೆ ‘ಅಜ್ಮಲೀನ್’ ಎಂದು ಹೆಸರಿಟ್ಟರು. ಇಷ್ಟಾದರೂ ಹೊರದೇಶಗಳಲ್ಲಿ ಯಾರೂ ಹೆಚ್ಚಿಗೆ ತಲೆ ಕೆಡಿಸಿಕೊಳ್ಳಲಿಲ್ಲ.

ತಲೆ ಕೆಡಿಸಿಕೊಳ್ಳುವಂತೆ ಮಾಡಿದವರು ಮುಂಬಯಿಯ ಹೃದ್ರೋಗ ತಜ್ಞ ಡಾ. ರುಸ್ತುಂ ಜಾಲ್ ವಕೀಲ್. ಅವರು 50 ಮಂದಿ ರಕ್ತದೊತ್ತಡದ ರೋಗಿಗಳಿಗೆ ಬೇರಿನ ಗುಳಿಗೆ ಕೊಟ್ಟು, ಮೊದಲಿನ ಮತ್ತು ಅನಂತರದ ಅಂಕಿಗಳನ್ನು 1949ರಲ್ಲಿ ‘ಬ್ರಿಟಿಷ್ ಹಾರ್ಟ್ ಜರ್ನಲ್’ನಲ್ಲಿ ಪ್ರಕಟಿಸಿದರು. ಅದನ್ನು ನೋಡಿ ಬಾಸ್ಟನ್ನಿನ ರಾಬರ್ಟ್ ವಿಲ್ಕಿನ್ಸ್ ತಮ್ಮ ರೋಗಿಗಳಿಗೂ ಕೊಟ್ಟು ನೋಡಿದರು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿ ಬೇರಿನ ಮುಖ್ಯ ಸತ್ವವಾದ ‘ರೆಸರ್ಪಿನ್’ ಅನ್ನು ಹೊರತೆಗೆಯಿತು. ವಕೀಲರಿಗೆ 1957ರಲ್ಲಿ ಅಮೆರಿಕದ ಲಾಸ್ಕರ್ ಪ್ರಶಸ್ತಿ ಬಂತು. ನಮ್ಮ ಶಾಲೆಯ ಪಠ್ಯಗಳಲ್ಲಿ ಅವರ ಹೆಸರನ್ನು ನಾನಂತೂ ಓದಿದ ನೆನಪಿಲ್ಲ.

ಬೇರು ಮಾಡುವ ಕೆಲಸ ಏನು? ನಮ್ಮ ನರಗಳ ತುದಿಯಲ್ಲಿ ಪುಟ್ಟ ಪುಟ್ಟ ಕಣಜಗಳಿದ್ದು, ರಕ್ತನಾಳಗಳನ್ನು ಬಿಗಿಗೊಳಿಸುವ, ಮನಸ್ಸನ್ನು ಎಚ್ಚರವಾಗಿಡುವ ರಾಸಾಯನಿಕಗಳು ಅಲ್ಲಿ ಶೇಖರವಾಗಿರುತ್ತವೆ. ರೆಸರ್ಪಿನ್ ಈ ಕಣಜಗಳನ್ನು ತುಂಬಗೊಡುವುದಿಲ್ಲ. ನಾಳ ಸಡಿಲಗೊಂಡು ಒತ್ತಡ ಇಳಿಯುತ್ತದೆ, ಮನಸ್ಸು ಮಂದವಾಗುತ್ತದೆ, ಜೊತೆಗೆ ಮೂಗೂ ಕಟ್ಟುತ್ತದೆ. 1957ರಲ್ಲಿ ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್, ರೆಸರ್ಪಿನ್‌ನಿಂದ ಅಲುಗಾಡದೆ ಕುಳಿತ ಪ್ರಾಣಿಗಳಿಗೆ ಎಲ್-ಡೋಪಾ ಚುಚ್ಚಿ ಮತ್ತೆ ಓಡಾಡಿಸಿದರು. ಪಾರ್ಕಿನ್ಸನ್ ಕಾಯಿಲೆಯ ಮದ್ದಿನ ದಾರಿ ತೆರೆದದ್ದು ಆ ಪ್ರಯೋಗದಿಂದ. 2000ದಲ್ಲಿ ಅವರಿಗೆ ನೊಬೆಲ್ ಬಂತು.

ಆದರೆ ಒತ್ತಡದ ಅಂಕಿ ಇಳಿದರೆ ಆಯುಸ್ಸು ಹೆಚ್ಚುತ್ತದೆಯೇ? ಇದು ಬೇರೆಯೇ ಪ್ರಶ್ನೆ. ವಯಸ್ಸಾದಂತೆ ಒತ್ತಡ ಏರುವುದು ದೇಹಕ್ಕೆ ಬೇಕಾಗಿಯೇ, ಅದನ್ನು ಇಳಿಸಬಾರದು ಎನ್ನುವ ದೊಡ್ಡ ವೈದ್ಯರೇ ಆಗ ಇದ್ದರು. ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ ಎಡ್ವರ್ಡ್ ಫ್ರೈಸ್ ನೇತೃತ್ವದಲ್ಲಿ ತೀವ್ರ ಒತ್ತಡವಿದ್ದ 143 ಗಂಡಸರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದಕ್ಕೆ ರೆಸರ್ಪಿನ್ ಸೇರಿದಂತೆ ಮೂರು ಔಷಧಗಳು, ಇನ್ನೊಂದಕ್ಕೆ ನೋಡಲು ಹಾಗೆಯೇ ಇರುವ ಹುಸಿ ಗುಳಿಗೆ. ಯಾರಿಗೆ ಯಾವುದೆಂದು ರೋಗಿಗೂ ಗೊತ್ತಿಲ್ಲ, ವೈದ್ಯರಿಗೂ ಗೊತ್ತಿಲ್ಲ. 1967ರಲ್ಲಿ ಹೊರಬಂದ ಫಲಿತಾಂಶ: ಗಂಭೀರ ತೊಂದರೆಗೆ ಸಿಕ್ಕವರು ಹುಸಿ ಗುಳಿಗೆಯವರಲ್ಲಿ 27, ಔಷಧ ಪಡೆದವರಲ್ಲಿ 2. ಸತ್ತವರು ಹುಸಿ ಗುಳಿಗೆಯವರಲ್ಲಿ 4, ಔಷಧದವರಲ್ಲಿ ಯಾರೂ ಇಲ್ಲ. ರಕ್ತದೊತ್ತಡಕ್ಕೆ ಚಿಕಿತ್ಸೆ ಕೊಟ್ಟರೆ ಜೀವ ಉಳಿಯುತ್ತದೆ ಎಂದು ಜಗತ್ತಿಗೆ ಒಪ್ಪಿಸಿದ ಈ ಪರೀಕ್ಷೆಯಲ್ಲಿ ನಮ್ಮ ಹಿತ್ತಿಲ ಗಿಡದ ಪಾಲೂ ಇತ್ತು. ಮೂರರಲ್ಲಿ ಒಂದು ಪಾಲು, ಅಷ್ಟೆ. ಪೂರ್ತಿ ಯಶಸ್ಸನ್ನು ಅದರ ತಲೆಗೆ ಕಟ್ಟುವುದು ನ್ಯಾಯವಲ್ಲ.

ಹೊಗಳಿಕೆಗೆ ಸಾಕ್ಷಿ ಬೇಕಾದಂತೆ ದೂರಿಗೂ ಬೇಕಾಯಿತು. ರೆಸರ್ಪಿನ್ ನುಂಗಿದವರು ಖಿನ್ನರಾಗುತ್ತಾರೆ, ಆತ್ಮಹತ್ಯೆಯ ಯೋಚನೆ ಮಾಡುತ್ತಾರೆ ಎಂಬ ವರದಿಗಳು 1950ರ ದಶಕದಲ್ಲಿ ಬಂದು, ಅದೇ ಮಾತು ಪಠ್ಯಪುಸ್ತಕಗಳಲ್ಲಿ ನೆಲೆಯೂರಿತು. ಸ್ವಾರಸ್ಯವೆಂದರೆ 1955ರಲ್ಲೇ ಲಂಡನ್ನಿನ ಡೇವಿಸ್ ಮತ್ತು ಶೆಫರ್ಡ್, ಆತಂಕ-ಖಿನ್ನತೆಯ ರೋಗಿಗಳನ್ನು ಗುಂಪು ಮಾಡಿ ಪರೀಕ್ಷಿಸಿದಾಗ ರೆಸರ್ಪಿನ್ ಪಡೆದವರೇ ಹೆಚ್ಚು ಸುಧಾರಿಸಿದ್ದರು. ಆ ಪ್ರಬಂಧವನ್ನು ಬಹುಕಾಲ ಯಾರೂ ಗಮನಿಸಲಿಲ್ಲ. ಇನ್ನು 1974ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯ ಮೂರು ವರದಿಗಳು ಸ್ತನ ಕ್ಯಾನ್ಸರಿನ ಅಪವಾದ ಹೊರಿಸಿದವು. ಮುಂದಿನ ಅಧ್ಯಯನಗಳಲ್ಲಿ ಅದು ನಿಲ್ಲಲಿಲ್ಲ. ಹೋಲಿಕೆಯ ಗುಂಪಿನಿಂದ ಹೃದಯ ರೋಗಿಗಳನ್ನು, ಅಂದರೆ ಈ ಗುಳಿಗೆಯನ್ನು ಹೆಚ್ಚಾಗಿ ನುಂಗುತ್ತಿದ್ದವರನ್ನೇ, ಹೊರಗಿಟ್ಟದ್ದು ಎಡವಟ್ಟಿಗೆ ಒಂದು ಕಾರಣ. ಅಷ್ಟರಲ್ಲಿ ಹೊಸ ಔಷಧಗಳು ಬಂದಿದ್ದವು. ರೆಸರ್ಪಿನ್ ಮೂಲೆಗೆ ಸರಿಯಿತು.

ಹಾಗೆಂದು ಗ್ರಂಧಿಗೆ ಅಂಗಡಿಗೆ ಹೋಗಿ ಬೇರು ತಂದು ಅರೆದು ಕುಡಿಯಬಹುದೇ? ವೈದ್ಯರು ರೆಸರ್ಪಿನ್ ಬರೆಯುತ್ತಿದ್ದುದು ಒಂದು ಮಿಲಿಗ್ರಾಂನ ಕಾಲು ಭಾಗ, ಕೆಲವೊಮ್ಮೆ ಅದಕ್ಕಿಂತ ಕಡಿಮೆ. ಒಂದು ಚಮಚ ಪುಡಿಯಲ್ಲಿ ಅದು ಎಷ್ಟಿದೆ ಎಂದು ಅಂಗಡಿಯವರೂ ಹೇಳಲಾರರು. ಮಣ್ಣು, ಗಿಡದ ವಯಸ್ಸು, ಕಿತ್ತ ಕಾಲ ಬದಲಾದಂತೆ ಸತ್ವವೂ ಬದಲಾಗುತ್ತದೆ. ಬೇರಿನಲ್ಲಿರುವುದು ರೆಸರ್ಪಿನ್ ಒಂದೇ ಅಲ್ಲ, ಇಂಥ ಸತ್ವಗಳು ಐವತ್ತಕ್ಕೂ ಹೆಚ್ಚು. ಹೊಟ್ಟೆಹುಣ್ಣಿದ್ದವರಿಗೆ ಅದು ಕೆರಳೀತು. ವೈದ್ಯರು ಕೊಟ್ಟ ಗುಳಿಗೆಯ ಜೊತೆಗೇ ಗುಟ್ಟಾಗಿ ಪುಡಿಯನ್ನೂ ಸೇವಿಸಿದರೆ ಒತ್ತಡ ಅಳತೆ ಮೀರಿ ಕುಸಿಯಬಹುದು. ಪುಡಿಯನ್ನು ನಂಬಿ ಗುಳಿಗೆ ನಿಲ್ಲಿಸಿದರೆ ಅದು ಏರಿ ಲಕ್ವ ಹೊಡೆಯಬಹುದು. ಸರ್ಪಗಂಧ ಕೆಲಸ ಮಾಡುತ್ತದೆ ಎನ್ನುವುದೇ ಇಲ್ಲಿ ಅಪಾಯದ ಮೂಲ.

ಬೇರು ಅಗೆದರೆ ಗಿಡ ಹೋಗುತ್ತದೆ. ಬೇಡಿಕೆಗೆ ಸಿಕ್ಕಿ ಕಾಡಿನಲ್ಲಿ ಬರಿದಾದದ್ದರಿಂದ ಭಾರತ 1969ರಲ್ಲಿ ಹಸಿ ಬೇರಿನ ರಫ್ತನ್ನು ನಿಷೇಧಿಸಿತು. ರೆಸರ್ಪಿನ್ ಬರೆಯುವ ವೈದ್ಯರು ಈಗ ಅಪರೂಪ. ಆದರೆ ದೆಹಲಿಯಲ್ಲಿ ಸಿದ್ದೀಕಿಯವರು ಬೇರ್ಪಡಿಸಿದ ಇನ್ನೊಂದು ಸತ್ವ ಮರೆಯಾಗಿಲ್ಲ. ಎಳೆ ವಯಸ್ಸಿನವರಲ್ಲಿ ಹಠಾತ್ ಸಾವು ತರುವ ಬ್ರುಗಾಡಾ ಎಂಬ ಹೃದಯದ ದೋಷ ಕೆಲವರಲ್ಲಿ ಇ.ಸಿ.ಜಿ.ಗೆ ಕಾಣದೆ ಅಡಗಿರುತ್ತದೆ. ಅದನ್ನು ಹೊರಗೆಡಹಲು ಯೂರೋಪಿನ ಆಸ್ಪತ್ರೆಗಳಲ್ಲಿ ವೈದ್ಯರು ಇಂದಿಗೂ ರಕ್ತನಾಳಕ್ಕೆ ಚುಚ್ಚುವುದು ಹಕೀಮರ ಹೆಸರಿನ ಆ ಅಜ್ಮಲೀನನ್ನು.