ಶಮೆದಮೆ: ಕನ್ನಡ ಕ್ರೈಸ್ತ ಬಾಲಶಿಕ್ಷೆಯ ಒಂದು ಪದದ ವಿಚಾರ

ಗಲಾತ್ಯದವರಿಗೆ ಬರೆದ ಪತ್ರಿಕೆಯ ಐದನೆಯ ಅಧ್ಯಾಯದಲ್ಲಿ ಅಪೊಸ್ತಲನಾದ ಪೌಲನು ದೇವರಾತ್ಮನ ಫಲವೆಂದು ಒಂಬತ್ತು ಗುಣಗಳನ್ನು ಎಣಿಸುತ್ತಾನೆ. ಅವುಗಳಲ್ಲಿ ಕಡೆಯದು ಗ್ರೀಕ್ ಮೂಲದಲ್ಲಿ ‘ಎಂಕ್ರಾತೆಯ’. ತನ್ನ ಮೇಲೆ ತನಗಿರುವ ಒಡೆತನವೆಂದು ಅದರ ಭಾವ. ಕನ್ನಡ ಸಭೆಗಳಲ್ಲಿ ಬಹುಕಾಲದಿಂದ ಓದಿಕೊಂಡು ಬಂದಿರುವ ಸತ್ಯವೇದದಲ್ಲಿ ಇದಕ್ಕೆ ‘ಶಮೆದಮೆ’ ಎಂದಿದೆ. ಭಾನುವಾರದ ಶಾಲೆಗಳಲ್ಲಿ ಈ ಒಂಬತ್ತು ಗುಣಗಳನ್ನು ಮಕ್ಕಳಿಂದ ಬಾಯಿಪಾಠ ಮಾಡಿಸುವುದುಂಟು. ಮೊದಲನೆಯದಾದ ಪ್ರೀತಿಯು ಮಗುವಿಗೆ ಒಡನೆಯೇ ತಿಳಿಯುತ್ತದೆ. ಕಡೆಯದು ಬಾಯಿಗೆ ಬೇಗ ಬಂದರೂ ಬುದ್ಧಿಗೆ ಬರುವುದು ತಡವಾಗಿ. ಇಷ್ಟು ಗಹನವಾದ ಪದವು ಮಕ್ಕಳ ಪಾಠದೊಳಗೆ ಹೇಗೆ ಬಂದಿತು, ಬಂದು ಏನು ಮಾಡಿತು ಎಂಬುದು ಪ್ರಕೃತ ಲೇಖನದ ವಿಷಯ.

ಬೈಬಲಿನ ಕನ್ನಡ ಅನುವಾದವು ಒಬ್ಬನ ಕೆಲಸವಲ್ಲವೆಂಬುದು ವಿದಿತವೇ ಇದೆ. ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸನು ೧೮೧೦ರಲ್ಲಿ ಬಳ್ಳಾರಿಗೆ ಬಂದು ಆರಂಭಿಸಿದ ಕಾರ್ಯದಲ್ಲಿ, ಮುಂದೆ ೧೮೩೨ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟನ್ನು ಪ್ರಕಟಿಸಿದ ವಿಲಿಯಂ ರೀವನೂ ಕೈಗೂಡಿಸಿದನು. ಅನಂತರ ಬಾಸೆಲ್ ಮಿಶನ್ನಿನ ವೈಗ್ಲೆ ಮೊದಲಾದವರೂ ಬೆಂಗಳೂರಿನ ಪಾದ್ರಿಗಳೂ ಅವರ ಮಗ್ಗುಲಲ್ಲಿ ಕುಳಿತ ಕನ್ನಡ ಪಂಡಿತರೂ ಅದನ್ನು ತಿದ್ದುತ್ತ ಬಂದರು. ಈ ತಿದ್ದುಪಡಿಗಳ ಪರಿಪಾಕದಲ್ಲಿ ನಿಂತ ಪದ ಶಮೆದಮೆ.

ಪಾದ್ರಿಗಳ ಸ್ವಂತ ಭಾಷೆಗಳಲ್ಲಿ ಈ ಸ್ಥಳಕ್ಕೆ ಏನಿತ್ತೆಂಬುದನ್ನು ನೋಡತಕ್ಕದ್ದು. ೧೬೧೧ರ ಇಂಗ್ಲಿಷ್ ಬೈಬಲಿನಲ್ಲಿ ‘ಟೆಂಪರೆನ್ಸ್’ ಎಂದಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಈ ಮಾತಿನ ಅರ್ಥ ಕುಗ್ಗಿ, ಮದ್ಯವರ್ಜನವೆಂಬಷ್ಟಕ್ಕೆ ಬಂದು ನಿಂತಿತು. ೧೮೪೭ರಲ್ಲಿ ಲೀಡ್ಸ್ ನಗರದಲ್ಲಿ ಹುಟ್ಟಿದ ‘ಬ್ಯಾಂಡ್ ಆಫ್ ಹೋಪ್’ ಎಂಬ ಬಾಲಸಂಘದಲ್ಲಿ ಎಳೆಯ ಮಕ್ಕಳಿಂದಲೇ ಮದ್ಯ ಮುಟ್ಟುವುದಿಲ್ಲವೆಂಬ ಪ್ರತಿಜ್ಞೆಯನ್ನು ಮಾಡಿಸುತ್ತಿದ್ದರು. ಜರ್ಮನ್ ಪಾದ್ರಿಗಳು ಬಾಲ್ಯದಿಂದ ಓದಿದ ಲೂಥರನ ಅನುವಾದದಲ್ಲಿ ಇದ್ದುದು ‘ಕಾಯ್ಷ್‌ಹೈಟ್’, ಅಂದರೆ ಶೀಲಶುದ್ಧಿ. ಒಂದು ಪಾನಕ್ಕೆ ಇಳಿಯಿತು, ಇನ್ನೊಂದು ಕಾಮಕ್ಕೆ. ಕನ್ನಡದ ಪದವು ಈ ಎರಡಕ್ಕಿಂತಲೂ ವಿಶಾಲವಾಗಿ ಗ್ರೀಕ್ ಮೂಲಕ್ಕೆ ಹತ್ತಿರವಾದುದು ವಿಶೇಷವೇ ಸರಿ.

ವೇದಾಂತಿಗಳು ಹೇಳುವ ಸಾಧನಚತುಷ್ಟಯದಲ್ಲಿ ಶಮ, ದಮ, ಉಪರತಿ, ತಿತಿಕ್ಷೆ, ಶ್ರದ್ಧೆ, ಸಮಾಧಾನ ಎಂಬ ಆರು ಸಂಪತ್ತುಗಳುಂಟಷ್ಟೆ. ಶಮವು ಮನಸ್ಸಿನ ಉಪಶಮನ. ದಮವು ಹೊರಗಣ ಇಂದ್ರಿಯಗಳ ನಿಗ್ರಹ. ಪೌಲನ ಪಟ್ಟಿಯ ಮೂರನೆಯ ಗುಣಕ್ಕೂ ಕನ್ನಡ ಸತ್ಯವೇದದಲ್ಲಿ ‘ಸಮಾಧಾನ’ವೆಂದೇ ಇರುವುದರಿಂದ, ವೇದಾಂತದ ಆರರಲ್ಲಿ ಮೂರು ಮಾತುಗಳು ಆ ಒಂದೇ ವಾಕ್ಯದೊಳಗೆ ಬಂದು ಕುಳಿತಂತಾಯಿತು. ಆದರೆ ಭಗವದ್ಗೀತೆಯ ಹದಿನೆಂಟನೆಯ ಅಧ್ಯಾಯದ ನಾಲ್ವತ್ತೆರಡನೆಯ ಶ್ಲೋಕದಲ್ಲಿ ಶಮದಮಗಳು ಬ್ರಾಹ್ಮಣನ ಸ್ವಭಾವಜನ್ಯವಾದ ಕರ್ಮಗಳೆಂದು ಹೇಳಲ್ಪಟ್ಟಿವೆ. ಪಾದ್ರಿಗಳು ಇದನ್ನು ಅರಿಯದವರಲ್ಲ. ಇಂದು ವಿಜಯನಗರದಲ್ಲಿ ಸೇರಿಹೋಗಿರುವ ಹೊಸಹಳ್ಳಿಯಂತಹ ಪಡುವಣ ಗ್ರಾಮಗಳು ಬೆಂಗಳೂರು ಪೇಟೆಯ ಹೊರಗಣ ಹಳ್ಳಿಗಳಾಗಿದ್ದ ಕಾಲದಲ್ಲಿ, ೧೮೪೯ರಲ್ಲಿ, ಅದೇ ಬೆಂಗಳೂರಿನ ವೆಸ್ಲಿಯನ್ ಮಿಶನ್ ಮುದ್ರಣಾಲಯದಿಂದ ಜಾನ್ ಗ್ಯಾರೆಟ್ಟನು ಗೀತೆಯನ್ನು ಸಂಸ್ಕೃತ, ಕನ್ನಡ, ಇಂಗ್ಲಿಷ್ ಮೂರರಲ್ಲಿಯೂ ಅಚ್ಚುಹಾಕಿಸಿದ್ದನು. ಗೀತೆ ಒಂದು ವರ್ಣಕ್ಕೆ ಹೇಳಿದ ಸಂಪತ್ತು ಸತ್ಯವೇದದ ಮೂಲಕ ಜಾತಿಯನ್ನು ಕೇಳದೆ ಮಗ್ಗುಲು ಮಗ್ಗುಲಲ್ಲಿ ಕೂರಿಸಿದ ಮಕ್ಕಳೆಲ್ಲರ ಬಾಯಿಗೂ ಬಂದಿತು. ಅದೂ ಕರ್ಮವೆಂದಲ್ಲ, ಫಲವೆಂದು. ಮರವು ಹಣ್ಣು ಬಿಡುವುದು ತನ್ನ ಹಟದಿಂದಲ್ಲ. ಕನ್ನಡನಾಡಿಗೆ ಇದು ತೀರ ಹೊಸದೆಂದು ಮಾತ್ರ ಹೇಳಕೂಡದು. ಅಂತರಂಗ ಬಹಿರಂಗಗಳೆರಡರ ಶುದ್ಧಿಯನ್ನು ಕಾಯಕದವರೆಲ್ಲರಿಗೂ ಒಂದೇ ಸಮನಾಗಿ ವಿಧಿಸಿದ ಬಸವಾದಿ ಶರಣರು ಏಳುನೂರು ವರ್ಷಗಳ ಹಿಂದೆಯೇ ಈ ದಾರಿಯನ್ನು ಕಡಿದಿದ್ದರು.

ಇನ್ನು ಬಾಲಶಿಕ್ಷೆಯ ಮಾತು. ವೆಸ್ಲಿಯನರ ಮೂಲಪುರುಷನಾದ ಜಾನ್ ವೆಸ್ಲಿಯ ತಾಯಿ ಸುಸಾನಳು ೧೭೩೨ರ ಜುಲೈ ೨೪ರ ಪತ್ರವೊಂದರಲ್ಲಿ ತಾನು ಮಕ್ಕಳನ್ನು ಬೆಳೆಸಿದ ಬಗೆಯನ್ನು ವಿವರಿಸಿದ್ದಾಳೆ: ಮಗುವಿನ ಇಚ್ಛೆಯನ್ನು ಮೊದಲು ಜಯಿಸಬೇಕು, ವರ್ಷ ತುಂಬುವಷ್ಟರಲ್ಲಿ ಅದು ಬೆತ್ತಕ್ಕೆ ಅಂಜಿ ಮೆಲ್ಲಗೆ ಅಳುವುದನ್ನು ಕಲಿಯಬೇಕು. ಜರ್ಮನಿಯ ಹಾಲೆಯಲ್ಲಿ ಅನಾಥಾಲಯವನ್ನು ಕಟ್ಟಿದ ಫ್ರಾಂಕೆಯ ಮತವೂ ಇದಕ್ಕೆ ದೂರವಲ್ಲ. ನಮ್ಮ ಕೂಲಿಮಠಗಳೇನು ಕಡಿಮೆಯೆ? ಅಲ್ಲಿ ಬೆತ್ತದ ಜೊತೆಗೆ ಕೋದಂಡವೂ ಇತ್ತು. ಹೀಗೆ ಎರಡು ಕಡೆಯ ಕಾಠಿಣ್ಯಗಳೂ ಕೂಡಿದ ಸ್ಥಳದಲ್ಲಿ ಈ ಪದವು ಬೇರೊಂದು ದಿಕ್ಕನ್ನು ತೋರುತ್ತಿತ್ತು. ‘ದಮ್’ ಧಾತುವಿನ ಮೂಲಾರ್ಥ ಪಳಗಿಸುವುದು. ‘ದಮ್ಯ’ವೆಂದರೆ ನೊಗಕ್ಕೆ ಹೂಡುವ ಮುನ್ನ ಪಳಗಿಸತಕ್ಕ ಎಳೆಯ ಹೋರಿ. ಹೋರಿಯ ಬೆನ್ನು ಮುರಿದವನಿಗೆ ಆರಂಬ ಸಾಗದು. ಎಫೆಸದವರಿಗೆ ಬರೆದ ಪತ್ರಿಕೆಯ ಆರನೆಯ ಅಧ್ಯಾಯದಲ್ಲಿ ತಂದೆಗಳು ಮಕ್ಕಳಿಗೆ ಸಿಟ್ಟೆಬ್ಬಿಸದೆ ಅವರನ್ನು ಬೆಳೆಸಬೇಕೆಂಬ ಆಜ್ಞೆಯಿದ್ದು, ಅಲ್ಲಿ ‘ಬಾಲಶಿಕ್ಷೆ’, ‘ಬಾಲೋಪದೇಶ’ ಎಂಬ ಎರಡು ಮಾತುಗಳು ಬಳಕೆಯಾಗಿವೆ. ಕನ್ನಡದಲ್ಲಿ ಶಿಕ್ಷೆಯೆಂದರೆ ಕಲಿಸುವುದೂ ಹೌದು, ದಂಡಿಸುವುದೂ ಹೌದು. ಶಾಲೆಗಳು ಈ ಎರಡನೆಯ ಅರ್ಥಕ್ಕೇ ಹೆಚ್ಚಾಗಿ ಒಲಿದವೆಂದು ನನ್ನ ಅಭಿಪ್ರಾಯ: ಗಂಟೆ, ಸಾಲು, ಕಂಠಪಾಠ ಇವುಗಳಿಂದ ದಮೆಯನ್ನು ಕಲಿಸಬಹುದು, ಶಮೆಯನ್ನು ಕಲಿಸುವ ಗಂಟೆಯನ್ನು ಯಾರೂ ಎರಕಹೊಯ್ದಿಲ್ಲ.

ತುಳುನಾಡಿನಲ್ಲಿ ಈ ಪಾಠಕ್ಕೆ ತೆತ್ತ ಬೆಲೆ ಬೇರೆಯದು. ೧೮೩೪ರಲ್ಲಿ ಮಂಗಳೂರಿನಲ್ಲಿ ಕೆಲಸವನ್ನಾರಂಭಿಸಿದ ಬಾಸೆಲ್ ಮಿಶನ್ನಿನ ಸಭೆಗಳಲ್ಲಿ ಬಿಲ್ಲವರು ಬಹುಸಂಖ್ಯಾತರು. ಮೂರ್ತೆ, ಅಂದರೆ ತಾಳೆ ತೆಂಗುಗಳಿಂದ ಕಳ್ಳಿಳಿಸುವುದು, ಅವರಲ್ಲಿ ಅನೇಕರ ಕುಲವೃತ್ತಿಯಾಗಿತ್ತು. ಸಭೆಗೆ ಸೇರಿದವನು ಕಳ್ಳಿನ ಕಸಬನ್ನು ಬಿಡಬೇಕೆಂದು ಮಿಶನ್ನಿನ ಕಟ್ಟಳೆ. ಬೇರೆ ಮಕ್ಕಳಿಗೆ ಸಂಯಮವೆಂದರೆ ನಾಲಗೆಯ ಚಾಪಲ್ಯವನ್ನು ಅಡಗಿಸುವುದಾಗಿದ್ದರೆ, ಈ ಮಕ್ಕಳಿಗೆ ಅದು ತಂದೆಯ ಏಣಿ ಕತ್ತಿಗಳನ್ನು ಮೂಲೆಗಿಡುವುದಾಗಿತ್ತು. ಅದರೊಡನೆ ಒಲೆಯ ಮೇಲಣ ಗಂಜಿಯ ಪ್ರಶ್ನೆಯೂ ಏಳುತ್ತಿತ್ತು. ಮಿಶನ್ನಿನವರು ನೇಯ್ಗೆಯ ಕಾರ್ಖಾನೆಯನ್ನು ನಡೆಸಿದುದಕ್ಕೂ, ೧೮೬೫ರಲ್ಲಿ ಜೆಪ್ಪಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಸ್ಥಾಪಿಸಿದುದಕ್ಕೂ ಇದೊಂದು ಕಾರಣ. ವೃತ್ತಿಯನ್ನು ಬಿಡಿಸಿದವರು ಕೂಳಿನ ದಾರಿಯನ್ನೂ ತೋರಿಸಬೇಕಾಯಿತು. ಮಂಗಳೂರು ಹೆಂಚಿನ ಚರಿತ್ರೆಯನ್ನು ಬರೆಯುವವರು ಇದನ್ನು ಮರೆಯಬಾರದು.

ಮಕ್ಕಳಿಗೂ ಓದುಬಾರದವರಿಗೂ ಈ ತತ್ತ್ವವನ್ನು ಕಣ್ಣಿಗೆ ಕಾಣಿಸುವುದಕ್ಕಾಗಿ ಜರ್ಮನ್ ಪಾದ್ರಿಗಳ ಕೈಯಲ್ಲಿದ್ದ ಪುಸ್ತಕವೊಂದನ್ನು ಇಲ್ಲಿ ಹೆಸರಿಸಬೇಕು. ಗಾಸ್ನರನು ೧೮೧೨ರಲ್ಲಿ ಪ್ರಕಟಿಸಿದ ಹೃದಯದ ಚಿತ್ರಪುಸ್ತಕವದು. ‘ಹೃದಯದರ್ಪಣ’ವೆಂಬ ಹೆಸರಿನಿಂದ ಕನ್ನಡಕ್ಕೂ ಬಂದಿತು. ಅದರಲ್ಲಿ ಮನುಷ್ಯನ ಹೃದಯದೊಳಗೆ ಏಳು ಪ್ರಾಣಿಗಳು ಮನೆಮಾಡಿಕೊಂಡಿವೆ: ಗರ್ವಕ್ಕೆ ನವಿಲು, ಕಾಮಕ್ಕೆ ಹೋತ, ಹೊಟ್ಟೆಬಾಕತನಕ್ಕೆ ಹಂದಿ, ಸೋಮಾರಿತನಕ್ಕೆ ಆಮೆ, ಕ್ರೋಧಕ್ಕೆ ಚಿರತೆ, ಮತ್ಸರಕ್ಕೆ ಹಾವು, ಲೋಭಕ್ಕೆ ನೆಲಗಪ್ಪೆ. ನಮ್ಮ ಅರಿಷಡ್ವರ್ಗದೊಡನೆ ಹೋಲಿಸಿದರೆ ಕಾಮ, ಕ್ರೋಧ, ಲೋಭ, ಮದ, ಮತ್ಸರಗಳೈದೂ ಸರಿಯಾಗಿ ಕೂಡುತ್ತವೆ. ಮೋಹಕ್ಕೆ ಅಲ್ಲಿ ಪ್ರಾಣಿಯಿಲ್ಲ; ಹಂದಿಗೂ ಆಮೆಗೂ ಇಲ್ಲಿ ಸ್ಥಾನವಿಲ್ಲ. ಮೋಹವನ್ನು ವೈರಿಯೆಂದೆಣಿಸುವುದು ಸಂಸಾರವನ್ನೇ ಬಂಧನವೆಂದು ಕಂಡವರ ಲೆಕ್ಕ. ಸೋಮಾರಿತನವನ್ನು ಪಾಪವೆಂದೆಣಿಸುವುದು ಕ್ರೈಸ್ತ ಮಠವಾಸಿಗಳ ಹಳೆಯ ಲೆಕ್ಕ; ದುಡಿಮೆಯನ್ನೇ ದೇವರ ಕರೆಯೆಂದು ನಂಬಿದ ಪ್ರೊಟೆಸ್ಟಂಟರಲ್ಲಿ ಅದು ಇನ್ನಷ್ಟು ಬಲಗೊಂಡಿತು.

ಈ ಆಮೆಯೊಂದನ್ನು ಕುರಿತು ಇನ್ನೂ ಒಂದು ಮಾತು. ಗೀತೆಯ ಎರಡನೆಯ ಅಧ್ಯಾಯದಲ್ಲಿ ಸ್ಥಿತಪ್ರಜ್ಞನ ಇಂದ್ರಿಯಸಂಯಮಕ್ಕೆ ಕೊಟ್ಟಿರುವ ಉಪಮಾನವು ಆಮೆಯೇ: ಅದು ಅಂಗಗಳನ್ನು ಒಳಕ್ಕೆಳೆದುಕೊಳ್ಳುವಂತೆ ಅವನು ಇಂದ್ರಿಯಗಳನ್ನು ವಿಷಯಗಳಿಂದ ಹಿಂದೆಗೆಯುತ್ತಾನೆ. ಮನೆಯಲ್ಲಿ ಗೀತೆಯನ್ನು ಕೇಳಿ ಶಾಲೆಯಲ್ಲಿ ಈ ಚಿತ್ರವನ್ನು ಕಂಡ ಹುಡುಗನಿಗೆ, ಒಂದೆಡೆ ಗುರುವಾಗಿ ನಿಂತ ಪ್ರಾಣಿ ಇನ್ನೊಂದೆಡೆ ಹೃದಯದಿಂದ ಹೊರದೂಡಬೇಕಾದ ದುರ್ಗುಣವಾಗಿ ತೋರಿರಬೇಕು. ಗಾಸ್ನರನಿಗೆ ಆಮೆಯಲ್ಲಿ ಕಂಡದ್ದು ನಡಿಗೆ. ಗೀತಾಕಾರನಿಗೆ ಕಂಡದ್ದು ಚಿಪ್ಪು. ಪದಗಳನ್ನು ಆರಿಸುವಾಗ ಅಷ್ಟು ಎಚ್ಚರದಿಂದಿದ್ದ ಮಿಶನ್ನು ಚಿತ್ರಗಳನ್ನು ಮಾತ್ರ ಯುರೋಪಿನಿಂದ ಹಾಗೆಯೇ ತರಿಸಿಕೊಂಡಿತೆನ್ನಬೇಕು.

ಈ ಕೊರತೆಯನ್ನು ತುಂಬುವ ಸಾಮಗ್ರಿಯನ್ನು ಒದಗಿಸಿದವರು ಕನ್ನಡಿಗ ಪಾದ್ರಿಯೊಬ್ಬರೇ. ಬಾಸೆಲ್ ಮಿಶನ್ನಿನ ಸೇವೆಯಲ್ಲಿದ್ದ ಉತ್ತಂಗಿ ಚನ್ನಪ್ಪನವರು (೧೮೮೧–೧೯೬೨) ಊರೂರು ಅಲೆದು ಕೂಡಿಸಿದ ಸರ್ವಜ್ಞನ ವಚನಗಳು ೧೯೨೪ರಲ್ಲಿ ಅಚ್ಚಾದವು. ಮಿತವಾದ ಊಟ, ನಾಲಗೆಯ ಹಿಡಿತ, ಸಿಟ್ಟಿನ ಕೇಡು ಇವುಗಳನ್ನು ಕುರಿತ ಆ ತ್ರಿಪದಿಗಳು ಮಕ್ಕಳ ಬಾಯಿಗೆ ಹೊಂದುವ ಅಳತೆಯವು. ಯಾಕೋಬನ ಪತ್ರಿಕೆಯ ಮೂರನೆಯ ಅಧ್ಯಾಯದಲ್ಲಿ ನಾಲಗೆಗೆ ಹೋಲಿಸಿದ ಕುದುರೆಯ ಕಡಿವಾಣ, ಹಡಗಿನ ಚುಕ್ಕಾಣಿ, ಕಾಡನ್ನು ಸುಡುವ ಕಿಡಿ ಇವುಗಳ ಪಕ್ಕದಲ್ಲಿಟ್ಟು ಪಾಠ ಹೇಳುವುದಕ್ಕೆ ಒದಗುವಂಥವು. ಉತ್ತಂಗಿಯವರು ೧೯೪೯ರಲ್ಲಿ ಕಲಬುರ್ಗಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠವನ್ನೇರಿದಾಗ, ಸರ್ವಜ್ಞನ ತ್ರಿಪದಿಗಳು ಮತದ ಎಲ್ಲೆಗಳನ್ನು ದಾಟಿ ಕನ್ನಡ ಶಾಲೆಗಳ ಸಾಮಾನ್ಯ ಸ್ವತ್ತಾಗಿದ್ದವು.