ಬೀಳುವ ಕಲ್ಲಿನ ಲೆಕ್ಕ: ಗೆಲಿಲಿಯೋ ಎಡವಿದ್ದೆಲ್ಲಿ?

ಚಲನೆಯ ಮೂರು ಸಮೀಕರಣಗಳು ನಿಮಗೆ ಬಾಯಿಪಾಠವಾಗಿರಬಹುದು. ಆರಂಭದ ವೇಗ, ವೇಗೋತ್ಕರ್ಷ ಮತ್ತು ಕಾಲವನ್ನು ಕೊಟ್ಟರೆ ಕಲ್ಲು ಎಷ್ಟು ದೂರ ಬಿದ್ದಿತೆಂದು ಥಟ್ಟನೆ ಹೇಳಬಲ್ಲಿರಿ. ಆದರೆ ಉತ್ತರ ಸರಿಯಾಗಿದೆ ಎಂದ ಮಾತ್ರಕ್ಕೆ ಅದರ ಹಿಂದಿನ ಕಾರಣವೂ ನಮಗೆ ಸರಿಯಾಗಿ ತಿಳಿದಿದೆ ಎನ್ನಬಹುದೇ? ಇದಕ್ಕೆ ವಿಜ್ಞಾನದ ಇತಿಹಾಸದಲ್ಲಿಯೇ ಒಂದು ಸ್ವಾರಸ್ಯಕರ ಉದಾಹರಣೆಯಿದೆ. ಅಲ್ಲಿ ಎಡವಿದವನು ಸ್ವತಃ ಗೆಲಿಲಿಯೋ!

1604ರ ಅಕ್ಟೋಬರ್‌ನಲ್ಲಿ, ಪಡುವಾದಲ್ಲಿ ಗಣಿತದ ಪ್ರಾಧ್ಯಾಪಕನಾಗಿದ್ದ ಗೆಲಿಲಿಯೋ ತನ್ನ ಮಿತ್ರ ಪಾವೊಲೊ ಸಾರ್ಪಿಗೆ ಒಂದು ಪತ್ರ ಬರೆದ. ಬೀಳುವ ವಸ್ತು ಕ್ರಮಿಸುವ ದೂರವು ಕಾಲದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ಒಂದರ ನಂತರ ಒಂದು ಬರುವ ಸಮ ಕಾಲಾವಧಿಗಳಲ್ಲಿ ಕ್ರಮಿಸುವ ದೂರಗಳು 1, 3, 5, 7 ಎಂಬ ಬೆಸ ಸಂಖ್ಯೆಗಳಂತೆ ಹೆಚ್ಚುತ್ತವೆ ಎಂದು ಆತ ತಿಳಿಸಿದ್ದ. ಇವೆರಡೂ ಸರಿ. ಆದರೆ ಇವುಗಳಿಗೆ ಆಧಾರವಾಗಿ ಆತ ಇಟ್ಟುಕೊಂಡಿದ್ದ ತತ್ತ್ವ ಹೀಗಿತ್ತು: ವಸ್ತುವಿನ ವೇಗವು ಅದು ಹೊರಟ ಸ್ಥಳದಿಂದ ಬಿದ್ದ ದೂರಕ್ಕೆ ಅನುಪಾತದಲ್ಲಿ ಹೆಚ್ಚುತ್ತದೆ.

ಮೇಲ್ನೋಟಕ್ಕೆ ಇದು ಸಹಜವಾಗಿಯೇ ಕಾಣುತ್ತದೆ. ಹೆಚ್ಚು ಎತ್ತರದಿಂದ ಬಿದ್ದಷ್ಟೂ ಪೆಟ್ಟು ಜೋರು, ಅಲ್ಲವೇ? ಇದನ್ನು ಈಗ ಸಮೀಕರಣದ ರೂಪದಲ್ಲಿ ಬರೆಯೋಣ. ವೇಗವೆಂದರೆ ಕಾಲದೊಂದಿಗೆ ದೂರ ಬದಲಾಗುವ ದರ. ಆದ್ದರಿಂದ,

ದೂರ ಬದಲಾಗುವ ದರ = ಸ್ಥಿರಾಂಕ × ದೂರ

ಇದೊಂದು ಅವಕಲ ಸಮೀಕರಣ. ಚಕ್ರಬಡ್ಡಿಯ ಲೆಕ್ಕ ಬಲ್ಲವರಿಗೆ ಇದು ಹೊಸದಲ್ಲ. ಅಸಲು ಹೆಚ್ಚಿದಂತೆ ಬಡ್ಡಿಯೂ ಹೆಚ್ಚುತ್ತದೆ. ಸಮ ಕಾಲಾವಧಿಗಳಲ್ಲಿ ಮೊತ್ತ ಒಂದೇ ಪಟ್ಟು ಬೆಳೆಯುತ್ತದೆ. ಕಲ್ಲು ಹೇಗೋ 1 ಸೆಂಟಿಮೀಟರ್ ಇಳಿದಿದೆ ಎಂದುಕೊಂಡರೂ, ಅದು ಮುಂದೆ ಸಮ ಅವಧಿಗಳ ಕೊನೆಯಲ್ಲಿ 2, 4, 8, 16 ಎಂದು ಇಮ್ಮಡಿಯಾಗುತ್ತಾ ಹೋಗಬೇಕು. 1, 4, 9, 16 ಎಂಬ ವರ್ಗಗಳ ಸಾಲು ಬರುವುದೇ ಇಲ್ಲ. ಇನ್ನೂ ದೊಡ್ಡ ತೊಡಕು ಬೇರೆಯಿದೆ. ಅಸಲೇ ಸೊನ್ನೆಯಾದರೆ ಬಡ್ಡಿ ಎಲ್ಲಿಂದ ಬರಬೇಕು? ಕೈಬಿಟ್ಟ ಕ್ಷಣದಲ್ಲಿ ದೂರ ಸೊನ್ನೆ, ಆದ್ದರಿಂದ ವೇಗವೂ ಸೊನ್ನೆ. ಕಲ್ಲು ಗಾಳಿಯಲ್ಲೇ ನಿಂತುಬಿಡಬೇಕು!

ಗೆಲಿಲಿಯೋನ ಬಳಿ ಕಲನಶಾಸ್ತ್ರವಿರಲಿಲ್ಲ. ಆದರೂ ಆತ ತನ್ನ ತಪ್ಪನ್ನು ಕಂಡುಕೊಂಡ. 1638ರಲ್ಲಿ ಲೈಡನ್‌ನಲ್ಲಿ ಪ್ರಕಟವಾದ 'ಎರಡು ಹೊಸ ವಿಜ್ಞಾನಗಳು' ಕುರಿತ ಸಂವಾದ ಗ್ರಂಥದಲ್ಲಿ, ವೇಗವು ದೂರಕ್ಕಲ್ಲ, ಕಾಲಕ್ಕೆ ಅನುಪಾತದಲ್ಲಿ ಹೆಚ್ಚುತ್ತದೆ ಎಂದು ಸ್ಪಷ್ಟಪಡಿಸಿದ. ಹಿಂದೆ ತಾನೂ ಅದೇ ತಪ್ಪು ಮಾಡಿದ್ದೆ ಎಂಬುದನ್ನು ಪಾತ್ರವೊಂದರ ಬಾಯಿಂದ ಒಪ್ಪಿಕೊಂಡ. ಇಮ್ಮಡಿ ದೂರವನ್ನು ಇಮ್ಮಡಿ ವೇಗದಲ್ಲಿ ಕ್ರಮಿಸಿದರೆ ಎರಡು ದೂರಗಳಿಗೂ ಒಂದೇ ಕಾಲ ಹಿಡಿಯಬೇಕಾಗುತ್ತದೆ, ಅದು ಅಸಾಧ್ಯ ಎಂಬುದು ಆತನ ವಾದ. ಕ್ಷಣಕ್ಷಣಕ್ಕೂ ಬದಲಾಗುವ ವೇಗಕ್ಕೆ ಈ ವಾದ ಹೊಂದುತ್ತದೆಯೇ ಎಂದು ವಿದ್ವಾಂಸರು ಮುಂದೆ ಬಹಳ ಚರ್ಚಿಸಿದರು.

ಇಂಥ ವೇಗವನ್ನು ನಿಭಾಯಿಸುವ ಸಾಧನ ಕೈಗೆ ಬಂದದ್ದು ಆಮೇಲೆ. ನ್ಯೂಟನ್ 1665-66ರಲ್ಲಿ ಕಲನಶಾಸ್ತ್ರದ ತನ್ನ ವಿಧಾನವನ್ನು ರೂಪಿಸಿದ. ಲೈಬ್ನಿಟ್ಸ್ ತನ್ನದನ್ನು 1684ರಲ್ಲಿ ಪ್ರಕಟಿಸಿದ. ಆದರೂ 1687ರ 'ಪ್ರಿನ್ಸಿಪಿಯಾ' ಗ್ರಂಥದ ಭಾಷೆ ಬಹುಮಟ್ಟಿಗೆ ರೇಖಾಗಣಿತದ್ದೇ. ಚಲನೆಯ ಸಮಸ್ಯೆಗಳನ್ನು ಇಂದು ನಾವು ಬಿಡಿಸುವ ಹಾಗೆ ಕಲನಶಾಸ್ತ್ರದ ಭಾಷೆಗೆ ವ್ಯವಸ್ಥಿತವಾಗಿ ತಂದ ಕೀರ್ತಿ ಬಹುಪಾಲು ಆಯ್ಲರ್‌ಗೆ, ಆತನ 1736ರ 'ಮೆಕಾನಿಕಾ' ಗ್ರಂಥಕ್ಕೆ ಸಲ್ಲುತ್ತದೆ.

ಈಗ ಸರಿಯಾದ ತತ್ತ್ವವನ್ನು ಬರೆದು ನೋಡಿ:

ವೇಗ ಬದಲಾಗುವ ದರ = 9.8

(ಸೆಕೆಂಡಿಗೆ, ಪ್ರತಿ ಸೆಕೆಂಡಿಗೆ ಮೀಟರ್‌ಗಳಲ್ಲಿ.) ಒಮ್ಮೆ ಅನುಕಲಿಸಿದರೆ ಮೊದಲ ಸಮೀಕರಣ, ಮತ್ತೊಮ್ಮೆ ಅನುಕಲಿಸಿದರೆ ಎರಡನೆಯದು, ಎರಡರಿಂದಲೂ ಕಾಲವನ್ನು ತೆಗೆದುಹಾಕಿದರೆ ಮೂರನೆಯದು. ಆರಂಭದ ವೇಗ ಮತ್ತು ಸ್ಥಾನ ಅನುಕಲನದ ಸ್ಥಿರಾಂಕಗಳಾಗಿ ತಾವಾಗಿಯೇ ಒಳಬರುತ್ತವೆ. ನಿಶ್ಚಲ ಸ್ಥಿತಿಯಿಂದ ಬಿಟ್ಟ ಕಲ್ಲು 1, 2, 3 ಸೆಕೆಂಡುಗಳ ಕೊನೆಗೆ 4.9, 19.6, 44.1 ಮೀಟರ್ ಇಳಿದಿರುತ್ತದೆ. ಪ್ರತಿ ಸೆಕೆಂಡಿನಲ್ಲಿ ಇಳಿದದ್ದು 4.9, 14.7, 24.5 ಮೀಟರ್. ಇದು ಗೆಲಿಲಿಯೋ ಕಂಡಿದ್ದ 1:3:5.

ಇದರಿಂದ ಇನ್ನೊಂದು ಪ್ರಯೋಜನವೂ ಇದೆ. ಗಾಳಿಯ ತಡೆಯನ್ನು ಪರಿಗಣಿಸಿದರೆ ವೇಗೋತ್ಕರ್ಷ ಸ್ಥಿರವಾಗಿರುವುದಿಲ್ಲ. ಆಗ ಬಾಯಿಪಾಠದ ಮೂರು ಸೂತ್ರಗಳೂ ಕೈಕೊಡುತ್ತವೆ. ವೇಗ ಬದಲಾಗುವ ದರದಿಂದ ಆರಂಭಿಸುವ ವಿಧಾನ ಮಾತ್ರ ಆಗಲೂ ಕೆಲಸಕ್ಕೆ ಬರುತ್ತದೆ.

ಅಧ್ಯಾಪಕರೇ, ತರಗತಿಯಲ್ಲಿ ಈ ಪ್ರಶ್ನೆಯನ್ನು ಕೇಳಿ ನೋಡಿ. 'ವೇಗದ ವರ್ಗ = 2 × 9.8 × ದೂರ' ಎಂಬ ಮೂರನೆಯ ಸೂತ್ರವನ್ನಷ್ಟೇ ಹಿಡಿದು ಹೊರಟರೆ, ಗಾಳಿಯಲ್ಲೇ ನಿಂತ ಕಲ್ಲೂ ಅದನ್ನು ಪಾಲಿಸುತ್ತದೆ: ದೂರ ಸೊನ್ನೆ, ವೇಗ ಸೊನ್ನೆ. ಹಾಗಾದರೆ ಕಲ್ಲು ಬೀಳಲೇಬೇಕು ಎಂದು ಹೇಳುವುದು ಯಾವುದು? ವೇಗೋತ್ಕರ್ಷ ಸೊನ್ನೆಯಲ್ಲ, 9.8 ಎಂಬ ಆ ಮೊದಲ ಸಾಲು. ಸೂತ್ರ ಮರೆತರೂ ಚಿಂತೆಯಿಲ್ಲ, ಆ ಸಾಲನ್ನು ಮರೆಯಬಾರದು.